ನಾಲ್ಕು ತಿಂಗಳು ತಡವಾದ ಗಾಡಿ

ಬಸ್ಸಿಳಿದು ರಸ್ತೆ ದಾಟುವ ಮೊದಲೇ ಸತ್ಯಭಾಮಾಳಿಗೆ ತನ್ನ ಗಾಡಿಯ ಚಕ್ರಗಳು ಕಂಡವು. ಅವು ಗಾಡಿಯಲ್ಲಿರಲಿಲ್ಲ. ಶೆಡ್ಡಿನ ಗೋಡೆಗೆ ಸಾಲಾಗಿ ಒರಗಿದ್ದವು. ಬಿಳಿ ಟೆಂಪೋ ಟ್ರಾವೆಲರ್ ಮರದ ದಿಮ್ಮಿಗಳ ಮೇಲೆ ಕೂತಿತ್ತು, ಎಲ್ಲಿಗೂ ಹೋಗುವ ಅವಸರವೇ ಇಲ್ಲದವರ ಹಾಗೆ.

ಹೋದ ಶನಿವಾರ ಚಕ್ರಗಳಿದ್ದವು.

ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಭದ್ರಾವತಿಯ ನ್ಯೂಟೌನಿನಾಚೆ, ಬಿ.ಎಚ್. ರಸ್ತೆಯ ಪಕ್ಕದ ಆ ತಗಡಿನ ಶೆಡ್ಡು ಬಾಣಲೆಯಂತೆ ಕಾದಿತ್ತು. ಅದಕ್ಕಿಂತ ಹೆಚ್ಚು ಕಾದದ್ದು ಸತ್ಯಭಾಮಾಳ ತಲೆ.

"ರೀ ಪ್ರಸನ್ನಕುಮಾರ್!"

ಒಳಗೆ ವೆಲ್ಡಿಂಗಿನ ನೀಲಿ ಬೆಳಕು ಆರಿತು. ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜನ್ನು ಕೆಳಗಿಟ್ಟು ಪ್ರಸನ್ನಕುಮಾರ್ ಹೊರಗೆ ಬಂದ. ಅರವತ್ತಮೂರು ವರ್ಷ, ನರೆತ ದಪ್ಪ ಮೀಸೆ. ಹಣೆಯ ವಿಭೂತಿಯನ್ನು ಬೆವರು ಅರ್ಧ ಅಳಿಸಿತ್ತು. ಅವಳನ್ನು ಕಂಡು ಮುಖ ಅರಳಿತು. ಅವಳ ಕಣ್ಣು ಕಂಡು ಮತ್ತೆ ಮುದುಡಿತು.

"ಬನ್ನಿ ಮೇಡಂ. ಬಿಸಿಲಲ್ಲಿ ಬಂದಿದೀರಿ. ಮಜ್ಜಿಗೆ ತರಿಸ್ಲಾ?"

"ಚಕ್ರ ಎಲ್ಲಿ?"

"ಅಲ್ಲೇ ಇದಾವಲ್ಲ."

"ಕಾಣುತ್ತೆ. ಅಲ್ಲಿ ಯಾಕಿದಾವೆ?"

"ಬ್ರೇಕ್ ಒಂದ್ಸಲ ನೋಡೋಣ ಅಂತ. ಘಾಟಿ ಇಳಿಯೋ ಗಾಡಿ. ನೀವೊಬ್ರೇ ಇರ್ತೀರಿ. ಬ್ರೇಕ್ ವಿಷಯದಲ್ಲಿ ಅವಸರ ಮಾಡಬಾರ್ದು."

"ಏಪ್ರಿಲಲ್ಲೂ ಬ್ರೇಕೇ ನೋಡಿದ್ರಿ."

"ಅದು ಮುಂದಿನ ಬ್ರೇಕು. ಇದು ಹಿಂದಿಂದು."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯನ ಎದುರು ಪೂರ್ತಿ ಸಿಟ್ಟಾಗಲು ಅವಳಿಗೆ ಆಗುತ್ತಲೇ ಇರಲಿಲ್ಲ. ಎಲ್ಲೋ ಒಂದು ಕಡೆ ಸೋರಿಹೋಗುತ್ತಿತ್ತು.

"ಒಂದು ಸಾಮಾನು ಬೇಕು, ಪೇಟೆಗೆ ಹೋಗಿ ತಂದ್ಬಿಡ್ತೀನಿ. ಅರ್ಧ ಗಂಟೆ ಕೂತಿರಿ," ಎಂದು ಅವನು ಸ್ಕೂಟರ್ ಹತ್ತಿದ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು.

ಸತ್ಯಭಾಮಾ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ದುಡಿದವಳು. ಸೇರಿದಾಗ ಟ್ರಂಕ್ ಕಾಲ್‌ಗಳ ಕಾಲ. ಅಡಿಕೆ ಮಂಡಿಯವರಿಗೆ ಇಂದೋರು, ಕಾನ್ಪುರ, ಅಹಮದಾಬಾದುಗಳನ್ನು ಕೂಡಿಸಿಕೊಡುವುದೇ ಕೆಲಸ. ಊರುಗಳ ಹೆಸರೆಲ್ಲ ನಾಲಿಗೆಯ ಮೇಲೆ. ಕಣ್ಣಿನಿಂದ ಕಂಡದ್ದು ಒಂದೂ ಇಲ್ಲ.

ಮದುವೆಯಾಗಲಿಲ್ಲ. ಅಪ್ಪನ ಕಾಯಿಲೆ, ಅಣ್ಣ ನಿರಂಜನನ ಸಂಸಾರ, ಅಮ್ಮ ಹಾಸಿಗೆ ಹಿಡಿದದ್ದು, ಹೀಗೆ ಒಂದಾದ ಮೇಲೊಂದು. ಪ್ರತಿಯೊಂದರ ಕೊನೆಗೂ ಅಣ್ಣನ ಒಂದೇ ಮಾತು: "ಮುಂದಿನ ವರ್ಷ ನೋಡೋಣ."

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವಳೂ ಗೆಳತಿ ಉಮಾಮಹೇಶ್ವರಿಯೂ ಗುಜರಾತಿನ ಭುಜ್‌ಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಗೋಡೆಯ ನಕ್ಷೆಯಲ್ಲಿ ಅದು ಬಹಳ ದೂರ ಕಾಣುತ್ತಿತ್ತು ಎಂಬುದೊಂದೇ ಕಾರಣ. ಇಬ್ಬರಿಗೂ ವರ್ಗ ಸಿಕ್ಕಿತು. ಉಮಾ ಹೋದಳು, ಅಲ್ಲೇ ಮದುವೆಯಾಗಿ ನೆಲೆನಿಂತಳು. ಸತ್ಯಭಾಮಾಳದ್ದು ಮುಂದಿನ ವರ್ಷಕ್ಕೆ ಹೋಯಿತು. ಆಮೇಲೆ ಮೂವತ್ತನಾಲ್ಕು ವರ್ಷ ಫೋನಿನಲ್ಲೇ ಗೆಳೆತನ.

ಅಮ್ಮ ತೀರಿಕೊಂಡ ಮೇಲೆ, ನಿವೃತ್ತಿಯಾದ ತಿಂಗಳೇ, ಸತ್ಯಭಾಮಾ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಸಾಗರದ ಪ್ರವಾಸದ ಏಜೆಂಟನೊಬ್ಬನ ಹಳೇ ಟೆಂಪೋ ಟ್ರಾವೆಲರ್ ಕೊಂಡಳು. ಶಿವಮೊಗ್ಗದ ಆಲ್ಕೊಳದ ಅಣ್ಣನ ಮನೆಯಲ್ಲಿ ತನ್ನ ಬೀರು ತೆಗೆದು, ರೇಷ್ಮೆ ಸೀರೆಗಳನ್ನು ಅತ್ತಿಗೆಗೆ ಕೊಟ್ಟಳು. ಏಳು ಹತ್ತಿ ಸೀರೆ, ನಾಲ್ಕು ಚೂಡಿದಾರ್, ಒಂದು ಕುಕ್ಕರ್, ಎರಡು ತಟ್ಟೆ ಮಾತ್ರ ಉಳಿಸಿಕೊಂಡಳು. "ಇನ್ನು ಗಾಡಿಯೇ ಮನೆ. ಊರು ಬೇಜಾರಾದ ದಿನ ಮುಂದಿನ ಊರು. ವಾಪಸ್ ಬರೋ ತಾರೀಕು ಇಲ್ಲ," ಎಂದಳು. ನಿರಂಜನ ಒಂದು ವಾರ ಅವಳೊಂದಿಗೆ ಮಾತು ಬಿಟ್ಟ.

ಗಾಡಿಯನ್ನು ಮನೆ ಮಾಡಿಕೊಡುವವರನ್ನು ಹುಡುಕುತ್ತ ಬಂದದ್ದು ಈ ಶೆಡ್ಡಿಗೆ, ಹೋದ ದೀಪಾವಳಿಯ ಹೊತ್ತಿಗೆ. ಪ್ರಸನ್ನಕುಮಾರ್ ಫ್ಯಾಕ್ಟರಿಯ ಫಿಟರ್ ಕೆಲಸ ಬಿಟ್ಟ ಮೇಲೆ ಇಲ್ಲಿ ಗಾಡಿಗಳಿಗೆ ಬಾಡಿ ಕಟ್ಟುತ್ತಿದ್ದ. ಹೆಂಡತಿ ತೀರಿ ಎಂಟು ವರ್ಷ. ಅವತ್ತು ಅವನು ಕೇಳಿದ ಮೊದಲ ಮಾತೇ, "ಯಜಮಾನ್ರು ಬಂದಿಲ್ವಾ?"

"ಯಾರ ಯಜಮಾನ್ರು?"

"ಅಲ್ಲ... ಗಾಡಿ ಓಡ್ಸೋರು."

ಸತ್ಯಭಾಮಾ ಗಾಡಿ ಹತ್ತಿ, ಎರಡು ಲಾರಿಗಳ ನಡುವಿನ ಸಂದಿಯಿಂದ ರಿವರ್ಸಿನಲ್ಲೇ ರಸ್ತೆಗೆ ತಂದಳು. ಅವನು ಕೈ ಅಡ್ಡ ಹಿಡಿದು ಓಡಿಬಂದ.

"ತಪ್ಪಾಯ್ತು, ನಿಲ್ಸಿ! ರಿವರ್ಸ್ ನೋಡಿದ್ ಮೇಲೆ ಗೊತ್ತಾಯ್ತು, ಯಜಮಾನ್ರು ನೀವೇ!"

ಆಮೇಲೆ ಪ್ರತಿ ಶನಿವಾರ ಅವಳು ಬಸ್ಸು ಹತ್ತಿ ಬರುವುದು ರೂಢಿಯಾಯಿತು. ನೀರಿನ ಟ್ಯಾಂಕ್ ಎಲ್ಲಿ, ಗ್ಯಾಸ್ ಎಲ್ಲಿ, ಸೋಲಾರ್ ಪ್ಯಾನೆಲ್ ಎಷ್ಟು ಎಂದು ಇಬ್ಬರೂ ವಾದ ಮಾಡುವುದು. ಅಡುಗೆ ಕಟ್ಟೆಯ ಎತ್ತರದ ದಿನ ಅವನು ಟೇಪು ಹಿಡಿದು, "ಮೊಣಕೈ ಮಡಚಿ ನಿಂತ್ಕೊಳ್ಳಿ," ಎಂದಿದ್ದ. ನೆಲದಿಂದ ಮೊಣಕೈವರೆಗೆ ಅಳೆದ, ಎಲ್ಲೂ ತಾಗದ ಹಾಗೆ.

"ಮೊಣಕೈಗಿಂತ ನಾಲ್ಕಿಂಚು ಕಮ್ಮಿ ಇಡ್ತೀನಿ. ಲಟ್ಟಿಸೋವಾಗ ಭುಜ ನೋಯಲ್ಲ."

ನಲವತ್ತು ವರ್ಷ ಅವಳು ಅಣ್ಣ ಕಟ್ಟಿಸಿದ ಎತ್ತರದ ಕಟ್ಟೆಯಲ್ಲಿ ಹಿಮ್ಮಡಿ ಎತ್ತಿ ಚಪಾತಿ ಲಟ್ಟಿಸಿದ್ದಳು. ನಿನ್ನ ಎತ್ತರ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಅವತ್ತು ವಾಪಸ್ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ತನ್ನದೇ ನಗುಮುಖ ಕಂಡು, ಅರವತ್ತೊಂದರ ಹೆಂಗಸು ಗಾಬರಿಯಾಗಿ ಸೆರಗು ಸರಿಮಾಡಿಕೊಂಡಿದ್ದಳು.

ಸಂಕ್ರಾಂತಿಗೆ ಗಾಡಿ ಕೊಡುತ್ತೇನೆ ಎಂದಿದ್ದ. ಫೆಬ್ರವರಿಯ ಹುಣ್ಣಿಮೆಗೆ ಭುಜ್ ಸೇರುತ್ತೇನೆಂದು ಅವಳು ಉಮಾಗೆ ಮಾತು ಕೊಟ್ಟಿದ್ದಳು. "ಬಾರೇ, ಉಪ್ಪಿನ ಬಯಲು ತೋರಿಸ್ತೀನಿ, ಬೆಳದಿಂಗಳಲ್ಲಿ ಹಾಲು ಚೆಲ್ಲಿದಂಗಿರುತ್ತೆ," ಎಂದಿದ್ದಳು ಉಮಾ.

ಸಂಕ್ರಾಂತಿಗೆ ಕೊಯಮತ್ತೂರಿನಿಂದ ಕಿಟಕಿಯ ರಬ್ಬರ್ ಬರಲಿಲ್ಲ ಎಂದ. ಶಿವರಾತ್ರಿಗೆ ವೈರಿಂಗು ಸರಿಯಿಲ್ಲ, ಮರಗೆಲಸವೂ ಬಾಕಿ. ಯುಗಾದಿಗೆ ಬ್ರೇಕು.

ಶಿವರಾತ್ರಿಗೂ ಯುಗಾದಿಗೂ ನಡುವೆ, ಒಂದು ಶನಿವಾರ ಅವಳು ಇದೇ ಶೆಡ್ಡಿನ ಮುರುಕು ಕುರ್ಚಿಯಲ್ಲಿ ಕೂತಿದ್ದಾಗ ಭುಜ್‌ನಿಂದ ಫೋನ್ ಬಂತು. ಉಮಾ ಇಲ್ಲ. ಬೆಳಿಗ್ಗೆ ಹೃದಯಾಘಾತ. ಪ್ರಸನ್ನಕುಮಾರ್ ಓಡಿಹೋಗಿ ನೀರು ತಂದ. ಲೋಟ ಕೊಡುವಾಗ ಅವನ ಕೈ ಅವಳ ಕೈಗಿಂತ ಹೆಚ್ಚು ನಡುಗುತ್ತಿತ್ತು. ಎಂಥಾ ಮನುಷ್ಯ, ನನ್ನ ದುಃಖಕ್ಕೆ ಇವನು ನಡುಗುತ್ತಾನಲ್ಲ ಎಂದುಕೊಂಡಿದ್ದಳು.

ಈಗ, ಚಕ್ರವಿಲ್ಲದ ಗಾಡಿಯ ಎದುರು ಅದೇ ಕುರ್ಚಿಯಲ್ಲಿ ಕೂತಿದ್ದಾಗ, ಬಡಗಿ ರಂಗಪ್ಪ ತಾನು ಬಿಟ್ಟುಹೋಗಿದ್ದ ಉಳಿ ಹುಡುಕಿಕೊಂಡು ಬಂದ. ಗಾಡಿಯ ಮಂಚ, ಕಪಾಟು ಮಾಡಿದವನು ಅವನೇ.

"ಏನಮ್ಮಾರೇ, ಗಾಡಿ ಇನ್ನೂ ಇಲ್ಲೇ ಐತೆ? ಊರೆಲ್ಲಾ ಸುತ್ಕೊಂಡು ಬಂದ್ರೇನೋ ಅಂದ್ಕಂಡೆ."

"ಎಲ್ಲಿ ಮಾರಾಯ, ನಿನ್ನ ಮರಗೆಲಸಾನೇ ಯುಗಾದಿವರೆಗೆ ಮುಗೀಲಿಲ್ವಂತಲ್ಲ."

ರಂಗಪ್ಪನಿಗೆ ಅವಮಾನವಾಯಿತು. "ಯಾರಂದಿದ್ದು? ಸಂಕ್ರಾಂತಿಗೆ ಎಂಟು ದಿನ ಮುಂಚೇನೇ ಮುಗ್ಸಿ ಕೊಟ್ಟೀನಿ! ಆರ್.ಟಿ.ಓ. ಪೇಪರ್ರೂ ಆವಾಗ್ಲೇ ಬಂದಿತ್ತು. ಆಮೇಲೆ ಯಜಮಾನ್ರೇ ಎರಡು ಸಲ ಕಪಾಟು ಬಿಚ್ಸಿ ಮತ್ತೆ ಕೂರ್ಸಿದ್ರು. ಯಾಕೆ ಸ್ವಾಮಿ ಅಂದ್ರೆ, ಇರ್ಲಿ ಬಿಡೋ ಅಂದ್ರು. ನನ್ ಕೆಲ್ಸಕ್ಕೆ ಹೆಸರು ಇಡಬೇಡಿ ಅಮ್ಮಾ."

ಉಳಿ ಸಿಕ್ಕಿತು. ಅವನು ಗೊಣಗುತ್ತ ಹೋದ. ಸತ್ಯಭಾಮಾ ಕೂತೇ ಇದ್ದಳು. ಸಿಟ್ಟು ನಿಧಾನವಾಗಿ ಹೊತ್ತಿಕೊಂಡಿತು. ಈ ಸಲ ಅದು ಎಲ್ಲೂ ಸೋರಲಿಲ್ಲ.

ಸ್ಕೂಟರ್ ಬಂದು ನಿಂತಿತು. ಅವನ ಕೈಯಲ್ಲಿ ಬ್ರೇಕಿನ ಸಾಮಾನಿರಲಿಲ್ಲ. ಮೆಣಸಿನಕಾಯಿ ಬಜ್ಜಿ, ಮಂಡಕ್ಕಿಯ ಪೊಟ್ಟಣವಿತ್ತು.

"ಸಂಕ್ರಾಂತಿಗೇ ರೆಡಿಯಾಗಿತ್ತಾ?"

ಅವನು ಅಲ್ಲೇ ನಿಂತ. ಪೊಟ್ಟಣದ ಎಣ್ಣೆ ಅಂಗೈಗೆ ಇಳಿಯುತ್ತಿತ್ತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೌದು."

"ಬೇಕಂತಲೇ ತಡ ಮಾಡಿದ್ರಾ?"

"ಹೌದು."

"ಯಾಕೆ?"

"ನೀವು ಶನಿವಾರ ಬರ್ತಿದ್ರಲ್ಲ. ಅದಕ್ಕೆ." ಅವನ ದನಿ ಕೇಳಿಸುವುದೇ ಕಷ್ಟವಾಗಿತ್ತು. "ಹೆಂಡತಿ ಹೋದ್ಮೇಲೆ ನನ್ನತ್ರ ಯಾರೂ ಜಗಳ ಆಡಿರ್ಲಿಲ್ಲ ಮೇಡಂ. ಎಲ್ಲಾ ಯಜಮಾನ್ರು ಯಜಮಾನ್ರು ಅಂತ ತಲೆ ಆಡ್ಸೋರೇ. ನೀವು ಬಂದು ಬೈದು ಹೋದ್ರೆ ವಾರ ಪೂರ್ತಿ ಮನೆ ತುಂಬಿದಂಗಿರ್ತಿತ್ತು. ಇನ್ನೊಂದು ವಾರ, ಇನ್ನೊಂದು ವಾರ ಅಂತ..."

ಅವಳ ಕೈಗೆ ಸಿಕ್ಕಿದ್ದು ಬೆಂಚಿನ ಮೇಲಿದ್ದ ಸ್ಪ್ಯಾನರ್. ಅದನ್ನು ಬೀಸಿ ಎಸೆದಳು. ತಗಡಿನ ಗೋಡೆ ಸಿಡಿಲಿನಂತೆ ಸದ್ದು ಮಾಡಿತು. ರಸ್ತೆಯಲ್ಲಿ ನಾಯಿಗಳು ಬೊಗಳಿದವು.

"ಇನ್ನೊಂದು ವಾರ! ನಮ್ಮಣ್ಣ ಮುಂದಿನ ವರ್ಷ ಅಂತಿದ್ದ, ನೀವು ಮುಂದಿನ ವಾರ ಅಂದ್ರಿ. ನಿಮಗಿಂತ ಅವನೇ ವಾಸಿ ಕಣ್ರೀ! ಅಡ್ಡ ನಿಂತ್ರೂ ಎದುರಿಗೆ ನಿಂತ. ನೀವು ನನ್ನ ಅಳತೆ ತಗೊಂಡು, ಭುಜ ನೋಯಬಾರ್ದು ಅಂತ ನಯವಾಗಿ ಹೇಳಿ, ಹಿಂದಿಂದ ನಟ್ಟು ಬಿಚ್ಚಿದ್ರಿ!"

"ಮೇಡಂ..."

"ಉಮಾ ಸತ್ತ ದಿನ ಇಲ್ಲೇ ಕೂತಿದ್ದೆ. ನೀರು ತಂದುಕೊಟ್ರಿ. ಅವತ್ತೂ ಹೇಳ್ಲಿಲ್ಲ!"

"ಹೇಳಿದ್ರೆ ನೀವು ಮತ್ತೆ ಬರಲ್ಲ ಅಂತ ಹೆದರಿದೆ. ಹೇಳದೇ ಇದ್ದಿದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಗೊತ್ತು. ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

"ಕೇಳಲೂಬೇಡಿ. ನಾಡಿದ್ದು ಸೋಮವಾರ ಬೆಳಿಗ್ಗೆ ನಾನು ಹೊರಡ್ತೀನಿ. ಈಗ ಚಕ್ರ ಹಾಕಿ. ನಾನು ಇಲ್ಲೇ ಕೂತು ನೋಡ್ತೀನಿ."

ಹಾಗೆಯೇ ಕೂತಳು. ಶನಿವಾರ ಕೊನೆಯ ಬೆಳಕಿನವರೆಗೆ ಅಲ್ಲಿಂದ ಏಳಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬಂದು ಅದೇ ಕುರ್ಚಿ ಎಳೆದುಕೊಂಡಳು. ಅವನು ಒಬ್ಬನೇ ದುಡಿದ. ಚಕ್ರ ಹಾಕಿದ, ಪೈಪು ಜೋಡಿಸಿದ, ಟ್ಯಾಂಕಿಗೆ ನೀರು ತುಂಬಿಸಿ ಸೋರುತ್ತದೆಯೇ ಎಂದು ಮಲಗಿ ನೋಡಿದ. ಬಿಸಿ ಪೈಪು ತಾಗಿ ಬೆರಳು ಸುಟ್ಟುಕೊಂಡಾಗ ಅವಳು ತನಗರಿವಿಲ್ಲದೆ ಎದ್ದಳು. ಮತ್ತೆ ಕೂತಳು.

ಮಧ್ಯಾಹ್ನ ಅವನು ಜೋಳದ ರೊಟ್ಟಿ, ಎಣ್ಣೆಗಾಯಿಯ ಡಬ್ಬಿಯನ್ನು ಅವಳ ಪಕ್ಕದ ಸ್ಟೂಲಿನ ಮೇಲಿಟ್ಟು ಹೋದ. ಮೂರು ಗಂಟೆಯವರೆಗೆ ಅದರ ಕಡೆ ನೋಡಲಿಲ್ಲ. ಆಮೇಲೆ ಹಸಿವು ತಡೆಯದೆ ತಿಂದಳು. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಸಂಜೆ ಆರಕ್ಕೆ ಅವನು ಕೈ ಒರೆಸಿಕೊಂಡು ಕೀಲಿ ಚಾಚಿದ. ಎರಡು ದಿನಕ್ಕೆ ಎರಡು ವರ್ಷ ಮುದುಕನಾದಂತೆ ಕಾಣುತ್ತಿದ್ದ.

"ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಡ್ಬೇಡಿ. ಗೇರಲ್ಲೇ ಇಳಿಸಿ."

"ಗೊತ್ತು. ಫೋನ್ ಮಾಡ್ಬೇಡಿ."

"ಮಾಡಲ್ಲ."

"ಮೆಸೇಜೂ ಬೇಡ. ಗುಡ್ ಮಾರ್ನಿಂಗ್ ಹೂವಿನ ಫೋಟೋನೂ ಬೇಡ."

ಅವನ ಮೀಸೆಯಡಿ ನಗುವಿನಂಥದ್ದೊಂದು ಬಂದು ಹೋಯಿತು. ಆಮೇಲೆ ಅವನು ಅವಳ ಮುಖ ನೋಡಿಯೇ ಹೇಳಿದ: "ನಿಮ್ಮನ್ನ ಕಂಡ್ರೆ ಪ್ರೀತಿ ಅಂತ ಹೇಳೋ ವಯಸ್ಸಲ್ಲ ಅಂದ್ಕೊಂಡಿದ್ದೆ. ಬಾಯಲ್ಲಿ ಹೇಳೋ ಬದ್ಲು ಚಕ್ರ ಬಿಚ್ಚಿದೆ."

ಸತ್ಯಭಾಮಾ ಕೀಲಿ ಕಸಿದುಕೊಂಡಳು. "ಹೇಳಿದ್ರೆ ಏನಾಗ್ತಿತ್ತು ಗೊತ್ತಾ?"

"ಏನಾಗ್ತಿತ್ತು?"

"ನನಗೂ ಗೊತ್ತಿಲ್ಲ. ಗೊತ್ತಾಗೋಕೆ ನೀವು ಬಿಡ್ಲೇ ಇಲ್ಲವಲ್ಲ!"

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ಅವನು ಶೆಡ್ಡಿನ ಬಾಗಿಲಲ್ಲಿ ನಿಂತದ್ದು ಕಂಡಿತು. ಅವಳು ಕನ್ನಡಿಯನ್ನು ತಿರುಗಿಸಲಿಲ್ಲ. ಬೈಪಾಸಿನ ತಿರುವಿನವರೆಗೂ ನೋಡುತ್ತಲೇ ಹೋದಳು, ಹಲ್ಲು ಕಚ್ಚಿಕೊಂಡು.

ಸೋಮವಾರ ಬೆಳಿಗ್ಗೆ ಆಲ್ಕೊಳದ ಮನೆಯ ಮುಂದೆ ಅತ್ತಿಗೆ ಅವಲಕ್ಕಿ, ಉಪ್ಪಿನಕಾಯಿ ತಂದು ಗಾಡಿಯೊಳಗಿಟ್ಟಳು. ನಿರಂಜನ ಗೇಟಿಗೆ ಕೈಯಿಟ್ಟು ನಿಂತಿದ್ದ.

"ಮಳೆಗಾಲ ಹತ್ರ ಬಂತು ಸತ್ಯಾ. ಈ ವರ್ಷ ಬೇಡ..."

"ಅಣ್ಣಾ, ಗೇಟ್ ತೆಗಿ."

ಅವಳ ದನಿ ಏರಿರಲಿಲ್ಲ. ಆದರೆ ಅರವತ್ತೊಂದು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಗೇಟು ತೆಗೆದ.

ಹುಬ್ಬಳ್ಳಿ, ಕೊಲ್ಹಾಪುರ, ಪುಣೆ. ಪೆಟ್ರೋಲ್ ಬಂಕುಗಳ ಪಕ್ಕ, ಗುಡಿಗಳ ಅಂಗಳದಲ್ಲಿ, ಡಾಬಾಗಳ ಹಿಂದೆ ಗಾಡಿ ನಿಲ್ಲಿಸಿ ಮಲಗಿದಳು. ಬೆಳಿಗ್ಗೆ ಬಾಗಿಲು ತೆರೆದರೆ ದಿನಕ್ಕೊಂದು ಅಂಗಳ. ಸುಖವಾಗಿತ್ತು. ಆದರೆ ಪ್ರತಿ ಸಲ ಚಪಾತಿ ಲಟ್ಟಿಸುವಾಗಲೂ ಕಟ್ಟೆ ಅವಳ ಅಳತೆಗೆ ಸರಿಯಾಗಿ ನಿಲ್ಲುತ್ತಿತ್ತು, ಭುಜ ನೋಯುತ್ತಿರಲಿಲ್ಲ. ಆಗ ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಎದುರಿಗೆ ಬೈಯಲು ಯಾರೂ ಇಲ್ಲದ ಸಿಟ್ಟು ಬಹಳ ಭಾರ ಎಂದು ಅವಳಿಗೆ ಗೊತ್ತಾದದ್ದು ಸೂರತ್ತಿನ ಹತ್ತಿರ.

ಫೋನ್ ಒಮ್ಮೆಯೂ ಬರಲಿಲ್ಲ. ಪ್ರಸನ್ನಕುಮಾರ್ ಮಾತು ಉಳಿಸಿಕೊಂಡಿದ್ದ.

ಒಂಬತ್ತನೆಯ ದಿನ ಭುಜ್ ತಲುಪಿದಳು. ಉಮಾಳ ಗಂಡ, ಬಡಕಲು ವೃದ್ಧ, ಬಾಗಿಲಲ್ಲೇ ಅವಳ ಕೈ ಹಿಡಿದು ಅತ್ತ. ಚಹಾ ಕೊಟ್ಟ. ಉಮಾಳ ಕನ್ನಡಕ, ಉಮಾಳ ಸ್ವೆಟರ್ ತೋರಿಸಿದ. ಕೊನೆಗೆ ಹಿಂದಿಯಲ್ಲಿ, ಯಾವ ಚುಚ್ಚುಮಾತಿಲ್ಲದೆ ಕೇಳಿದ: "ಗಾಡಿ ತಡವಾಗುತ್ತೆ ಅಂತ ಅವಳಿಗೆ ಗೊತ್ತಿತ್ತು ತಂಗಿ. ರೈಲಿನಲ್ಲಿ ಬರಬಹುದಲ್ಲಾ ಅಂತ ಮಾತ್ರ ಅನ್ನುತ್ತಿದ್ದಳು. ಯಾಕೆ ಬರಲಿಲ್ಲ?"

ಸತ್ಯಭಾಮಾ ಉಮಾಳ ಸ್ವೆಟರನ್ನು ಮಡಚಿ ಅವನ ಕೈಗೆ ಕೊಟ್ಟಳು.

ಮರುದಿನ ಬೆಳಿಗ್ಗೆ ಒಬ್ಬಳೇ ಉಪ್ಪಿನ ಬಯಲಿಗೆ ಗಾಡಿ ಓಡಿಸಿದಳು. ಬೆಳದಿಂಗಳಿರಲಿಲ್ಲ, ಹಾಲೂ ಇರಲಿಲ್ಲ. ಕಣ್ಣು ಕುಕ್ಕುವ ಬಿಳಿ, ಆಕಾಶದ ಅಂಚಿನವರೆಗೆ. ಬಿಸಿಗಾಳಿ. ಗಾಡಿಯ ನೆರಳಲ್ಲಿ ನಿಂತು, ಇಷ್ಟು ದಿನ ಪ್ರಸನ್ನಕುಮಾರನ ಮೇಲೆ ಎಸೆದ ಮಾತುಗಳನ್ನೆಲ್ಲ ಮತ್ತೆ ಎಸೆಯಲು ಹೊರಟಳು. ಒಂದೂ ನೇರ ಹೋಗಲಿಲ್ಲ. ಎಲ್ಲ ತಿರುಗಿ ತನ್ನ ಮೇಲೇ ಬಿದ್ದವು.

ರೈಲಿತ್ತು. ಅವಳ ಕಾಲಿನ ಚಕ್ರವನ್ನು ಯಾರೂ ಬಿಚ್ಚಿರಲಿಲ್ಲ. ಸಂಕ್ರಾಂತಿಗೆ ಗಾಡಿ ಆಗಲಿಲ್ಲ ಎಂದಾಗ ಮುಖ ಸಿಂಡರಿಸಿದ್ದಳು. ಒಳಗೆ, ಬಹಳ ಒಳಗೆ, ಇನ್ನೊಂದು ಶನಿವಾರ ಸಿಕ್ಕಿತೆಂದು ಹಿಗ್ಗಿದ್ದಳು. ಇಬ್ಬರೂ ಸೇರಿ ಉಮಾಳನ್ನು ಕಾಯಿಸಿದ್ದರು. ಇವನೊಬ್ಬನೇ ಅಲ್ಲ.

ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮುಖ ತೊಳೆದುಕೊಂಡು ಫೋನ್ ತೆಗೆದಳು. ಪ್ರಸನ್ನಕುಮಾರ್ ಮೊದಲ ರಿಂಗಿಗೇ ಎತ್ತಿದ.

"ಮೇಡಂ? ಗಾಡಿಗೆ ಏನಾದ್ರೂ...?"

"ಗಾಡಿಗೆ ಏನಾಗಿಲ್ಲ. ಚೆನ್ನಾಗೇ ಮಾಡಿದೀರಿ. ಅದಕ್ಕೇ ಇನ್ನೂ ಉರಿಯೋದು."

ಅವನ ಹಿಂದೆ ಶೆಡ್ಡಿನ ಸದ್ದಿರಲಿಲ್ಲ. ಕೆಲಸವನ್ನೂ ಮಾಡುತ್ತಿಲ್ಲವೇನೋ.

"ಕೇಳಿ. ನಾನು ರೈಲಲ್ಲಿ ಬರಬಹುದಿತ್ತು. ಫೆಬ್ರವರಿಲೇ. ಬರ್ಲಿಲ್ಲ."

"ಯಾಕೆ?"

"ಶನಿವಾರ ತಪ್ಪುತ್ತಲ್ಲ ಅಂತ."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಎಷ್ಟೋ ಊರುಗಳ ಎಷ್ಟೋ ಜನರ ನಡುವೆ ತಂತಿ ಕೂಡಿಸಿಕೊಟ್ಟವಳಿಗೆ, ಒಬ್ಬ ಮನುಷ್ಯ ಅಳುವುದನ್ನು ತಡೆದುಕೊಳ್ಳುವ ಸದ್ದು ಚೆನ್ನಾಗಿ ಗೊತ್ತಿತ್ತು.

"ನೀವು ಮಾಡಿದ್ದು ತಪ್ಪೇ," ಎಂದಳು. ದನಿ ಗಡುಸಾಗಿಯೇ ಇತ್ತು. "ಅದು ಹಾಗೇ ಇರುತ್ತೆ. ನನ್ನದೂ ತಪ್ಪೇ. ಅದೂ ಇರುತ್ತೆ. ಒಬ್ಬಳೇ ಇಷ್ಟು ಸಿಟ್ಟು ಹೊತ್ಕೊಂಡು ಗಾಡಿ ಓಡ್ಸೋಕೆ ಆಗಲ್ಲ. ಬನ್ನಿ. ಎದುರಿಗೆ ಕೂರಿಸ್ಕೊಂಡು ಬೈಯೋದು ಇನ್ನೂ ಬೇಕಾದಷ್ಟಿದೆ."

"ಬರ್ತೀನಿ ಮೇಡಂ. ಇವತ್ತೇ ಹೊರಡ್ತೀನಿ."

"ಮೇಡಂ ಅಲ್ಲ. ಸತ್ಯಭಾಮಾ."

"ಸತ್ಯಭಾಮಾ," ಎಂದ ಅವನು, ಬಿಸಿ ಕಬ್ಬಿಣ ಮುಟ್ಟಿ ನೋಡುವವನ ಹಾಗೆ. "ಬಟ್ಟೆ ಎಷ್ಟು ದಿನಕ್ಕೆ ತರ್ಲಿ?"

ಅವಳು ಎದುರಿನ ಬಯಲನ್ನು ನೋಡಿದಳು. ರಸ್ತೆ ಅದರೊಳಗೆ ಹೋಗಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ.

"ನಾನೇ ವಾಪಸ್ ಹೋಗೋ ತಾರೀಕು ಗೊತ್ತು ಮಾಡಿಲ್ಲ," ಎಂದಳು. "ನಿಮಗೆ ಹೇಗೆ ಹೇಳ್ಲಿ ಮಾರಾಯ್ರೇ?"